ಆಸ್ಪತ್ರೆಯ ಬಿಲ್ಲಿನಲ್ಲಿ ಕಾಗದಪತ್ರದ ಪಾಲು

ಸರ್ಕಾರವೇ ಎಲ್ಲರಿಗೂ ಆರೋಗ್ಯ ವಿಮೆ ಕೊಟ್ಟರೆ ಅಧಿಕಾರಶಾಹಿ ಕೊಬ್ಬಿ ಹಣ ಪೋಲಾಗುತ್ತದೆ ಎಂಬುದು ಅಮೆರಿಕದಲ್ಲಿ ದಶಕಗಳಿಂದ ಕೇಳಿಬರುವ ವಾದ. ಪಕ್ಕದ ಕೆನಡಾದ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಸ್ಟೆಫಿ ವೂಲ್‌ಹ್ಯಾಂಡ್ಲರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 1999ರಲ್ಲಿ ಆರೋಗ್ಯ ವೆಚ್ಚದಲ್ಲಿ ಆಡಳಿತದ ಪಾಲು ಅಮೆರಿಕದಲ್ಲಿ ಶೇ 31, ಕೆನಡಾದಲ್ಲಿ ಶೇ 16.7. ಇವರು ಸರ್ಕಾರಿ ವಿಮೆಯ ಪ್ರತಿಪಾದಕರೇ ಎಂಬುದನ್ನೂ ನೆನಪಿಡಬೇಕು.

ಈ ಅಂತರ ಹುಟ್ಟುವುದು ಬಿಲ್ಲಿಂಗ್ ಕೌಂಟರಿನ ಹಿಂದೆ. ಅಮೆರಿಕದ ಆಸ್ಪತ್ರೆಗೆ ಹತ್ತಾರು ವಿಮಾ ಕಂಪನಿಗಳ ಜೊತೆ ವ್ಯವಹಾರ. ದರ, ನಿಯಮ ಒಂದೊಂದಕ್ಕೂ ಬೇರೆ. ಮಂಡಿಯ ಎಂಆರ್‌ಐಗೆ ಎಷ್ಟೋ ಸಲ ಮೊದಲೇ ಅನುಮತಿ ಪಡೆಯಬೇಕು. ಚಿಕಿತ್ಸೆಗೆ ಕೋಡ್ ಹಾಕಲು ಪ್ರತ್ಯೇಕ ಸಿಬ್ಬಂದಿ. ಕ್ಲೇಮ್ ತಿರಸ್ಕೃತವಾದರೆ ಮೇಲ್ಮನವಿ. ಅತ್ತ ಕಂಪನಿಯೂ ಇದಕ್ಕೆಂದೇ ಜನರನ್ನು ಕೂರಿಸಿಕೊಂಡಿರುತ್ತದೆ. ಕೆನಡಾದ ವೈದ್ಯರು ಬಹುತೇಕ ಬಿಲ್ಲುಗಳನ್ನು ಪ್ರಾಂತ್ಯದ ಒಂದೇ ಯೋಜನೆಗೆ ಕಳಿಸುತ್ತಾರೆ.

ಆ ವ್ಯವಸ್ಥೆಯೂ ಸುಲಭವಾಗಿ ಬಂದದ್ದಲ್ಲ. 1962ರಲ್ಲಿ ಸಸ್ಕಾಚೆವಾನ್ ಪ್ರಾಂತ್ಯ ಅದನ್ನು ಜಾರಿಗೆ ತಂದಾಗ ವೈದ್ಯರು 23 ದಿನ ಮುಷ್ಕರ ಹೂಡಿದ್ದರು. ಇಂದಿಗೂ ಕೆನಡಾದಲ್ಲಿ ತಜ್ಞರ ಭೇಟಿಗೆ, ಮಂಡಿಚಿಪ್ಪು ಬದಲಾವಣೆಯಂಥ ಶಸ್ತ್ರಚಿಕಿತ್ಸೆಗೆ ತಿಂಗಳುಗಟ್ಟಲೆ ಕಾಯಬೇಕಾಗುವುದುಂಟು. ಆಡಳಿತಕ್ಕೆ ತೀರಾ ಕೈಬಿಗಿ ಹಿಡಿದರೆ ಸುಳ್ಳು ಬಿಲ್ಲುಗಳ ಪತ್ತೆಯೂ ಸೊರಗುತ್ತದೆ. ವಿರೋಧಿಗಳ ಈ ಮಾತಿನಲ್ಲಿ ಹುರುಳಿದೆ.

ಅಮೆರಿಕ ಹಿಡಿದದ್ದು ನಡುದಾರಿ. 2010ರ ಕಾಯ್ದೆಯಂತೆ ವಿಮಾ ಕಂಪನಿಗಳು ಪ್ರೀಮಿಯಂನ ಕನಿಷ್ಠ ಶೇ 80ರಷ್ಟನ್ನು, ದೊಡ್ಡ ಸಂಸ್ಥೆಗಳ ಉದ್ಯೋಗಿಗಳ ವಿಮೆಯಲ್ಲಿ ಶೇ 85ರಷ್ಟನ್ನು, ಚಿಕಿತ್ಸೆ ಮತ್ತು ಅದರ ಗುಣಮಟ್ಟಕ್ಕೇ ಖರ್ಚು ಮಾಡಬೇಕು. ತಪ್ಪಿದರೆ ವ್ಯತ್ಯಾಸದ ಹಣವನ್ನು ಮರಳಿಸಬೇಕು.