ಬರಹದ ನಡುವೆ ಜಾಹೀರಾತು ಎಲ್ಲಿ ಹಾಕಬೇಕು?
ಬ್ಲಾಗರ್‌ನಲ್ಲಿ ಬರೆಯುತ್ತೀರಾ? ಆಡ್‌ಸೆನ್ಸ್ ಒಪ್ಪಿಗೆಯೂ ಸಿಕ್ಕಿದೆಯಾ? ಹಾಗಾದರೆ ಜಾಹೀರಾತನ್ನು ಸೈಡ್‌ಬಾರ್‌ಗೆ ಹಾಕಿ ಸುಮ್ಮನಾಗಬೇಡಿ. ಮೊಬೈಲ್‌ನಲ್ಲಿ ಸೈಡ್‌ಬಾರ್ ಎಷ್ಟೋ ಸಲ ಕಾಣುವುದೇ ಇಲ್ಲ.

ಆಡ್‌ಸೆನ್ಸ್‌ನಲ್ಲಿ ‘ಇನ್-ಆರ್ಟಿಕಲ್’ ಜಾಹೀರಾತು ತಯಾರಿಸಿ, ಕೋಡ್ ಕಾಪಿ ಮಾಡಿ. ಪೋಸ್ಟ್ ಎಡಿಟರ್‌ನಲ್ಲಿ ಎಚ್‌ಟಿಎಂಎಲ್ ವ್ಯೂಗೆ ಹೋಗಿ, ಒಂದು ಪ್ಯಾರಾ ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲಿ ಪೇಸ್ಟ್ ಮಾಡಿ. ಅಷ್ಟೇ ಕೆಲಸ.

ಆದರೆ ಯಾವ ಜಾಗ? ಅಲ್ಲಿದೆ ನಿಜವಾದ ವಿಷಯ. ಮೊದಲ ಎರಡು ಮೂರು ಪ್ಯಾರಾ ಓದುಗರಿಗೇ ಬಿಟ್ಟುಕೊಡಿ. ಅವರು ಬಂದಿರುವುದು ನಿಮ್ಮ ಬರಹಕ್ಕೆ. ಅಕ್ಕಿರೊಟ್ಟಿ ಮಾಡುವುದು ಹೇಗೆ ಅಂತ ಬರೆದಿದ್ದರೆ, ಸಾಮಗ್ರಿಗಳ ಪಟ್ಟಿ ಮುಗಿದ ಮೇಲೆ ಹಾಕಿ. ಹಂತಗಳ ಮಧ್ಯೆ ಖಂಡಿತ ಬೇಡ. ಹಿಟ್ಟು ಮೆತ್ತಿದ ಕೈಯಲ್ಲಿ ಸ್ಕ್ರೋಲ್ ಮಾಡುವವರ ಬೆರಳು ತಪ್ಪಿ ಜಾಹೀರಾತಿಗೆ ತಾಗುತ್ತದೆ. ಡೌನ್‌ಲೋಡ್ ಬಟನ್ ಪಕ್ಕದಲ್ಲೂ ಇದೇ ಅಪಾಯ. ಇಂಥ ಆಕಸ್ಮಿಕ ಕ್ಲಿಕ್‌ಗಳು ಹೆಚ್ಚಾದರೆ ನಿಮ್ಮ ಖಾತೆಗೇ ಕುತ್ತು.

ಜಾಹೀರಾತಿನ ಮೇಲ್ಗಡೆ ‘ಉಪಯುಕ್ತ ಕೊಂಡಿಗಳು’ ಎಂದು ಬರೆಯಬೇಡಿ, ಅದು ನಿಯಮಕ್ಕೆ ವಿರುದ್ಧ. ‘ಜಾಹೀರಾತು’ ಎಂದೇ ಬರೆಯಿರಿ. ಓದುಗರಿಗೆ ಅಷ್ಟು ಪ್ರಾಮಾಣಿಕತೆ ಸಲ್ಲಬೇಕು.

ಇನ್ನೊಂದು ಮಾತು, ಇದನ್ನು ಬಹಳ ಜನ ಮರೆಯುತ್ತಾರೆ. ಜಾಹೀರಾತು ತಡವಾಗಿ ಲೋಡ್ ಆದಾಗ ಓದುತ್ತಿದ್ದ ಸಾಲು ದಿಢೀರನೆ ಕೆಳಗೆ ಜಾರುತ್ತದೆ. ಓದುಗರಿಗೆ ಇದಕ್ಕಿಂತ ಕಿರಿಕಿರಿ ಬೇರೆ ಇಲ್ಲ. ಕೋಡನ್ನು ಒಂದು ‘ಡಿವ್’ ಒಳಗಿಟ್ಟು, ಅದಕ್ಕೆ ‘ಮಿನ್-ಹೈಟ್’ 280 ಪಿಕ್ಸೆಲ್ ಕೊಡಿ. ಜಾಗ ಮೊದಲೇ ಕಾದಿರುತ್ತದೆ, ಸಾಲುಗಳು ಅಷ್ಟಾಗಿ ಅಲುಗಾಡುವುದಿಲ್ಲ.

ಆಟೋ ಆಡ್ಸ್ ಆನ್ ಇದ್ದರೆ ಗೂಗಲ್ ತಾನಾಗಿಯೇ ಇನ್ನಷ್ಟು ಜಾಹೀರಾತು ಸೇರಿಸುತ್ತದೆ. ಪ್ರಕಟಿಸಿದ ಮೇಲೆ ಫೋನಿನಲ್ಲಿ ತೆರೆದು ಎಣಿಸಿ ನೋಡಿ. ಒತ್ತಿ ಮಾತ್ರ ನೋಡಬೇಡಿ!