ಹತ್ತಡಿ ಕೋಣೆಗೆ ಎಷ್ಟು ಇಂಚಿನ ಮಾನಿಟರ್?

ಮನೇಲೇ ಹಾಡು ಮಿಕ್ಸ್ ಮಾಡ್ತೀರಾ? ಸ್ಪೀಕರ್ ಕೊಳ್ಳೋ ಮುಂಚೆ ಟೇಪ್ ಹಿಡಿದು ಕೋಣೆ ಅಳೀರಿ.

ಸ್ಟುಡಿಯೋ ಮಾನಿಟರ್ ಅನ್ನೋ ಸ್ಪೀಕರ್ ಕೆಲಸ ಹಾಡನ್ನ ಸಿಂಗಾರ ಮಾಡೋದಲ್ಲ, ಇದ್ದದ್ದನ್ನ ಇದ್ದ ಹಾಗೆ ಕೇಳಿಸೋದು. ಬಾಸ್ ಉಬ್ಬಿಸೋ ಮ್ಯೂಸಿಕ್ ಸಿಸ್ಟಂ ನಂಬಿ ಮಿಕ್ಸ್ ಮಾಡಿದ್ರೆ ನೀವು ಬಾಸ್ ಇಳಿಸ್ತೀರಿ. ಅದೇ ಹಾಡು ಕಾರಲ್ಲಿ ಸಪ್ಪೆ ಆಗುತ್ತೆ.

ಈಗ ಕೋಣೆ. ಎದುರುಬದುರು ಗೋಡೆಗಳ ನಡುವೆ 10 ಅಡಿ ಇದ್ರೆ, ಸುಮಾರು 56 ಹರ್ಟ್ಸ್‌ನ ಸದ್ದು ಅಲ್ಲೇ ಸಿಕ್ಕಿಕೊಳ್ಳುತ್ತೆ. ಗೋಡೆ ಹತ್ರ ಗುಂಯ್ ಅನ್ನುತ್ತೆ, ನಟ್ಟನಡುವೆ ಕೂತ್ರೆ ಮಾಯ! 8 ಇಂಚಿನ ವೂಫರ್ (ಬಾಸ್ ನುಡಿಸೋ ಕೋನ್) ಇರೋ ಮಾನಿಟರ್ ತಂದ್ರೆ ಈ ಕಾಟ ಇನ್ನೂ ಜಾಸ್ತಿ. ಇಂಥ ಕೋಣೆಗೆ ನಾನು ಹೇಳೋದು 5 ಇಂಚಿನ ಜೋಡಿ. ಯಮಹಾ ಎಚ್‌ಎಸ್5 ಅಂಥದ್ದು. ಬಾಸ್ ಗಿಟಾರಿನ ದಪ್ಪ ತಂತಿ 41 ಹರ್ಟ್ಸ್. ಅದರ ಪೂರ್ತಿ ಆಳ ಇದರಲ್ಲಿ ಸಿಗಲ್ಲ. ಅದನ್ನ ಹೆಡ್‌ಫೋನಲ್ಲಿ ನೋಡಿಕೊಳ್ಳಿ.

ಆಳ ಇಲ್ಲ ಅಂತ ಬೇಜಾರು ಬೇಡ. 1978ರಲ್ಲಿ ಬಂದ ಯಮಹಾ ಎನ್‌ಎಸ್-10ಗೂ ಬಾಸ್ ಕಮ್ಮಿನೇ. ಮನೆಗೆ ಅಂತ ಮಾಡಿದ್ದು, ಆದ್ರೆ ಜಗತ್ತಿನ ಎಷ್ಟೋ ಸ್ಟುಡಿಯೋಗಳು ಅದನ್ನೇ ನೆಚ್ಚಿಕೊಂಡವು.

ಜೋಡಿಸೋವಾಗ ಎರಡು ಸ್ಪೀಕರ್, ನಿಮ್ಮ ತಲೆ ಸೇರಿ ಸಮಬಾಹು ತ್ರಿಕೋನ ಆಗಲಿ. ಕೀಚು ಸದ್ದು ನುಡಿಸೋ ಚಿಕ್ಕ ಟ್ವೀಟರ್ ಕಿವಿ ಮಟ್ಟಕ್ಕಿರಲಿ. ಮೂಲೆಗೆ ಮಾತ್ರ ತಳ್ಳಬೇಡಿ.

ಅಂಗಡಿಗೆ ಹೋಗೋವಾಗ ನೀವು ನೂರು ಸಲ ಕೇಳಿರೋ ಒಂದು ಕಛೇರಿ ರೆಕಾರ್ಡಿಂಗ್ ಒಯ್ಯಿರಿ. ವಾಲ್ಯೂಮ್ ತಗ್ಗಿಸಿದಾಗಲೂ ಮೃದಂಗದ ಎಡ, ಬಲ ಬೇರೆಬೇರೆಯಾಗಿ ಕೇಳಿಸ್ತಾ ಇದ್ರೆ, ಆ ಜೋಡಿ ತಗೊಳ್ಳಿ.