ಹಳೆ ಎಂಜಿನ್‌ನ ಕಪ್ಪು ಕೆಸರು

ಮಾರುತಿ 800ರಂಥ ಹಳೆಯ ಕಾರಿನ ಆಯಿಲ್ ಕ್ಯಾಪ್ ಬಿಚ್ಚಿದಾಗ ಒಳಬದಿಗೆ ಮೆತ್ತಿಕೊಂಡಿರುವ ದಪ್ಪನೆಯ ಕಪ್ಪು ಜಿಡ್ಡೇ ಸ್ಲಡ್ಜ್. ಸಕಾಲಕ್ಕೆ ಬದಲಿಸದ ಆಯಿಲ್ ಕಾವಿಗೆ ಕೆಟ್ಟು, ಮಸಿ, ತೇವ, ಉರಿಯದ ಪೆಟ್ರೋಲ್ ಜೊತೆ ಸೇರಿ ಗಟ್ಟಿಯಾಗುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗದ ಚಿಕ್ಕ ಓಡಾಟದಲ್ಲಿ ತೇವ ಆರುವುದೇ ಇಲ್ಲ. ಜಿಡ್ಡಿನ ಬಣ್ಣ ಹಾಲು ಬೆರೆಸಿದ ಕಾಫಿಯಂತಿದ್ದರೆ ಕೂಲಂಟ್ ಸೋರಿಕೆ ಇದೆಯೇ ಎಂದು ಮೊದಲು ನೋಡಬೇಕು.

ಕೆಸರು ಹೆಚ್ಚಿದ್ದರೆ ಕೆಸರು ಕರಗಿಸುವ ಫ್ಲಶ್ ದ್ರವ ಸುರಿದು ಎಂಜಿನ್ ಓಡಿಸುವುದು ಅಪಾಯ. ಸಡಿಲವಾದ ತುಣುಕುಗಳು ಆಯಿಲ್ ಪಂಪಿನ ಜಾಲರಿಗೆ ಅಡ್ಡ ಕೂತರೆ ಬೇರಿಂಗ್‌ಗಳಿಗೆ ಆಯಿಲ್ ಸಿಗದೆ ಅವು ಸವೆದುಹೋಗುತ್ತವೆ. ಬಿಚ್ಚಿ ಕೈಯಿಂದ ತೆಗೆಯುವುದೇ ಸರಿಯಾದ ದಾರಿ.

ಮೇಲಿನ ಟ್ಯಾಪೆಟ್ ಕವರ್ ತೆಗೆದು, ಆಯಿಲ್ ಕೆಳಗಿಳಿಯುವ ತೂತುಗಳಿಗೆ ಬಟ್ಟೆ ತುರುಕಿ, ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಬೇಕು. ಉಜ್ಜುಕಾಗದ ಮುಟ್ಟಲೇಬಾರದು, ಅದರ ಪುಡಿ ಬೇರಿಂಗ್ ತಿನ್ನುತ್ತದೆ. ಆಮೇಲೆ ಕೆಳಗಿನ ಆಯಿಲ್ ಚೇಂಬರ್ ಇಳಿಸಿ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಬೇಕು. ಇಡೀ ಕೆಲಸದಲ್ಲಿ ಮುಖ್ಯವಾದದ್ದು ಜಾಲರಿ: ಬೆಳಕಿಗೆ ಹಿಡಿದಾಗ ಪ್ರತಿ ಕಣ್ಣೂ ತೆರೆದಿರಬೇಕು, ಇಲ್ಲವಾದರೆ ಹೊಸದು ಹಾಕಬೇಕು.

ಹೊಸ ಗ್ಯಾಸ್ಕೆಟ್, ಫಿಲ್ಟರ್, ಆಯಿಲ್ ಹಾಕಿ, ಗೇಜಿನಲ್ಲಿ ಆಯಿಲ್ ಒತ್ತಡ ನೋಡಬೇಕು. ಉಳಿದ ಜಿಡ್ಡು ನಿಧಾನವಾಗಿ ಕರಗುವುದರಿಂದ ಸುಮಾರು 1,000 ಕಿಲೋಮೀಟರ್ ಆದೊಡನೆ ಆಯಿಲನ್ನೂ ಫಿಲ್ಟರನ್ನೂ ಮತ್ತೊಮ್ಮೆ ಬದಲಿಸುವುದು ಒಳ್ಳೆಯದು.